ಪರೀಕ್ಷಾ ಅಕ್ರಮ: ಅಮಾನತು ಸುದ್ದಿಯಾಗುತ್ತೆ, ವಿಚಾರಣೆ ವರದಿ ಎಲ್ಲಿ ಹೋಗುತ್ತೆ?

ಮಾರ್ಚ್ ತಿಂಗಳು ಬಂತೆಂದರೆ ತಾಲ್ಲೂಕು ಕೇಂದ್ರಗಳಲ್ಲಿ ಮೊದಲು ಬಾಗಿಲು ಹಾಕೋದು ಝೆರಾಕ್ಸ್ ಅಂಗಡಿ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ನಡೆಯುವ ದಿನಗಳಲ್ಲಿ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಆ ವ್ಯಾಪ್ತಿಯ ಝೆರಾಕ್ಸ್ ಅಂಗಡಿಗಳು ಬಂದ್. ಜಿಲ್ಲಾಧಿಕಾರಿ ಆದೇಶ ಪ್ರತಿವರ್ಷ ತಪ್ಪದೆ ಬರುತ್ತದೆ. ಅಂಗಡಿಯವರು ಗೊಣಗುತ್ತಲೇ ಶಟರ್ ಎಳೆಯುತ್ತಾರೆ. ಮಕ್ಕಳ ಭವಿಷ್ಯದ ವಿಚಾರ, ಎರಡು ವಾರ ವ್ಯಾಪಾರ ಹೋದ್ರೆ ಹೋಗ್ಲಿ ಅಂತ ಸುಮ್ಮನಾಗುತ್ತಾರೆ.

ಅಂಗಡಿಯವರಿಗೆ ಇಷ್ಟು ಬಿಗಿ ಮಾಡುವ ವ್ಯವಸ್ಥೆ, ಅಕ್ರಮ ನಡೆದೇಬಿಟ್ಟಾಗ ತನ್ನೊಳಗಿನವರ ವಿಚಾರದಲ್ಲಿ ಎಷ್ಟು ಬಿಗಿಯಾಗಿರುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ರಾಜ್ಯದಲ್ಲಿ ಮತ್ತೆ ಮತ್ತೆ ಒಂದೇ ಚಿತ್ರ ಕಾಣುತ್ತದೆ. ಅಮಾನತು ಬೇಗ ಆಗುತ್ತದೆ. ಎಲ್ಲಿ ತೂತು ಬಿದ್ದಿತ್ತು ಅನ್ನೋದು ತಡವಾಗಿ ಗೊತ್ತಾಗುತ್ತದೆ. ಕೊನೆಗೆ ಯಾರ ತಪ್ಪು ಸಾಬೀತಾಯ್ತು, ಯಾರದ್ದು ಆಗಲಿಲ್ಲ ಅನ್ನೋದು ಆ ಊರಿನವರಿಗೆ ತಿಳಿಯೋದೇ ಇಲ್ಲ.

2016: ಒಂದೇ ಪರೀಕ್ಷೆ, ಎರಡು ಸಲ ಸೋರಿಕೆ

ಇದಕ್ಕೆ ದೊಡ್ಡ ಉದಾಹರಣೆ 2016ರ ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪ್ರಶ್ನೆಪತ್ರಿಕೆ ಸೋರಿಕೆ. ಆಗ ಪಿಯುಸಿ ಓದುತ್ತಿದ್ದವರು, ಅವರ ಅಪ್ಪ ಅಮ್ಮ ಇದನ್ನು ಮರೆತಿರಲಿಕ್ಕಿಲ್ಲ.

ಮಾರ್ಚ್ 21ರಂದು ಪರೀಕ್ಷೆ ನಡೆಯಿತು. ಅಷ್ಟರಲ್ಲಿ ಪ್ರಶ್ನೆಗಳು ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ್ದವು. ತಾಳೆ ನೋಡಿದಾಗ ಸೋರಿಕೆ ಖಚಿತವಾಗಿ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ಮಾರ್ಚ್ 31ಕ್ಕೆ ಅಂತ ಘೋಷಣೆಯಾಯಿತು. ತನಿಖೆ ಸಿಐಡಿ ಕೈಗೆ ಹೋಯಿತು.

ಮಾರ್ಚ್ 31ರ ಬೆಳಗ್ಗೆ ವಿದ್ಯಾರ್ಥಿಗಳು ಹಾಲ್ ಟಿಕೆಟ್ ಹಿಡಿದು ಹೊರಟಿದ್ದರು. ಪರೀಕ್ಷೆ ಶುರುವಾಗಲು ಕೆಲವೇ ಗಂಟೆ ಇರುವಾಗ ಸುದ್ದಿ ಬಂತು, ಈ ಪತ್ರಿಕೆಯೂ ಸೋರಿದೆ, ಪರೀಕ್ಷೆ ಮತ್ತೆ ರದ್ದು. ಹಳ್ಳಿಯಿಂದ ಬಸ್ ಹತ್ತಿ ಬಂದ ಮಕ್ಕಳಿಗೆ ವಿಷಯ ಗೊತ್ತಾಗಿದ್ದು ಪರೀಕ್ಷಾ ಕೇಂದ್ರದ ಗೇಟಿನಲ್ಲೇ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಪಿಯು ಇಲಾಖೆ ಕಚೇರಿ ಮುಂದೆ ವಿದ್ಯಾರ್ಥಿಗಳು, ಪೋಷಕರು ಜಮಾಯಿಸಿ ಪ್ರತಿಭಟನೆಗೆ ಇಳಿದರು. ಬೇರೆ ಜಿಲ್ಲೆಗಳಲ್ಲೂ ಮಕ್ಕಳು ಬೀದಿಗೆ ಬಂದರು.

ಬಾಧೆಗೆ ಸಿಕ್ಕವರು ಸುಮಾರು 1.74 ಲಕ್ಷ ವಿದ್ಯಾರ್ಥಿಗಳು. ರಸಾಯನಶಾಸ್ತ್ರ ಅವರಿಗೆ ಬರೀ ಪಾಸಾಗುವ ವಿಷಯವಲ್ಲ. ಆಗಿನ ನಿಯಮದಲ್ಲಿ ಎಂಜಿನಿಯರಿಂಗ್ ಸೀಟಿನ ಸಿಇಟಿ ರ‍್ಯಾಂಕ್‌ಗೆ ಪಿಯುಸಿ ಅಂಕವೂ ಅರ್ಧದಷ್ಟು ಲೆಕ್ಕಕ್ಕೆ ಬರುತ್ತಿತ್ತು. ಮೇ ಮೊದಲ ವಾರದಲ್ಲೇ ಸಿಇಟಿ. ಅದಕ್ಕೆ ಓದಬೇಕಾದ ದಿನಗಳಲ್ಲಿ ಮಕ್ಕಳು ಒಂದೇ ವಿಷಯವನ್ನು ಮೂರನೇ ಸಲ ಓದಬೇಕಾಯಿತು. ಅಂತೂ ಇಂತೂ ಪರೀಕ್ಷೆ ನಡೆದಿದ್ದು ಏಪ್ರಿಲ್ 12ರಂದು.

40 ಮಂದಿ ಅಮಾನತು, ಆದರೆ ತೂತು ಎಲ್ಲಿತ್ತು?

ಎರಡನೇ ಸೋರಿಕೆ ಆದ ದಿನವೇ ಸರ್ಕಾರ ಪಿಯು ಇಲಾಖೆಯ ಪರೀಕ್ಷಾ ವಿಭಾಗದ 40 ಅಧಿಕಾರಿ, ಸಿಬ್ಬಂದಿಯನ್ನು ಒಟ್ಟಿಗೆ ಅಮಾನತು ಮಾಡಿತು. ಟಿವಿಯಲ್ಲಿ ದಿನವಿಡೀ ಅದೇ ಸುದ್ದಿ. ಸರ್ಕಾರ ಏನೋ ಮಾಡಿದೆ ಅನ್ನೋ ಭಾವನೆ ಜನರಿಗೆ ಬಂತು.

ಆದರೆ ಒಂದು ಮಾತನ್ನು ಗಮನಿಸಬೇಕು. ಮೊದಲ ಸೋರಿಕೆಗೂ ಎರಡನೇ ಸೋರಿಕೆಗೂ ನಡುವೆ 10 ದಿನ ಇತ್ತು. ಆ 10 ದಿನದಲ್ಲಿ ಪ್ರಶ್ನೆಪತ್ರಿಕೆ ಹೊಸದಾಯಿತು. ಆದರೆ ಮೊದಲನೆಯದು ಯಾವ ಹಂತದಲ್ಲಿ, ಯಾರ ಕೈಯಿಂದ ಹೊರಬಿತ್ತು ಅನ್ನೋದು ಪತ್ತೆಯಾಗುವ ಮೊದಲೇ ಎರಡನೆಯದು ಹೊರಟಿತ್ತು. ಕೊಳವೆಯಲ್ಲಿ ತೂತು ಎಲ್ಲಿದೆ ಅಂತ ನೋಡದೆ ಮತ್ತೆ ನೀರು ಬಿಟ್ಟ ಹಾಗೆ. ಸೋರದೇ ಇನ್ನೇನಾಗುತ್ತೆ?

ಬಂಧನ ಶುರುವಾಗಿದ್ದು ಏಪ್ರಿಲ್‌ನಲ್ಲಿ. ಮೊದಲು ಸಿಕ್ಕಿಬಿದ್ದವರಲ್ಲಿ ಒಬ್ಬ ದೈಹಿಕ ಶಿಕ್ಷಕ, ಲೋಕೋಪಯೋಗಿ ಇಲಾಖೆಯ ಒಬ್ಬ ಎಂಜಿನಿಯರ್, ಸಚಿವರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಅಧಿಕಾರಿ ಇದ್ದರು. ಮೇ ತಿಂಗಳಲ್ಲಿ ‘ಗುರೂಜಿ’ ಅನ್ನೋ ಅಡ್ಡಹೆಸರಿನ ಪ್ರಮುಖ ಆರೋಪಿ ಸಿಕ್ಕಿಬಿದ್ದ. ಸಂಘಟಿತ ಅಪರಾಧ ತಡೆಯುವ ಕೋಕಾ ಕಾಯ್ದೆಯನ್ನೂ ಈ ಪ್ರಕರಣದಲ್ಲಿ ಬಳಸಲಾಯಿತು. ಪ್ರಶ್ನೆಪತ್ರಿಕೆ ಹೊರಬಿದ್ದ ಜಾಗ ಯಾವುದು ಅಂತ ಹುಡುಕುತ್ತಾ ಹೋದಾಗ ತನಿಖೆ ಬೊಟ್ಟು ಮಾಡಿದ್ದು ಖಜಾನೆಯತ್ತ. ಅಂದರೆ ಮುದ್ರಣವಾಗಿ, ಸೀಲ್ ಆಗಿ, ಜಿಲ್ಲೆ ತಾಲ್ಲೂಕುಗಳಿಗೆ ಬಂದ ಬಂಡಲ್‌ಗಳನ್ನು ಕಾಪಾಡಬೇಕಾದ ಜಾಗದತ್ತ.

ಅಮಾನತು ಆದ ಆ 40 ಜನರಲ್ಲಿ ಯಾರ ತಪ್ಪೂ ಇರಲಿಲ್ಲ ಅಂತ ಇದರರ್ಥವಲ್ಲ. ಮೇಲ್ವಿಚಾರಣೆಯ ಹೊಣೆ ಪರೀಕ್ಷಾ ವಿಭಾಗದ್ದೇ. ಆದರೆ ಒಂದೇ ಆದೇಶದಲ್ಲಿ 40 ಹೆಸರು ಬಂದರೆ ಅಲ್ಲಿ ಯಾರ ತಪ್ಪು ಎಷ್ಟು ಅನ್ನೋ ಅಳತೆ ಇರೋದಿಲ್ಲ. ಎಲ್ಲರನ್ನೂ ಒಟ್ಟಿಗೆ ದೂರಿದಾಗ, ನಿಜವಾಗಿ ತಪ್ಪು ಮಾಡಿದವನಿಗೆ ಆ ಗುಂಪಿನಲ್ಲೇ ಅಡಗಿಕೊಳ್ಳಲು ಜಾಗ ಸಿಗುತ್ತದೆ. ತಪ್ಪೇ ಮಾಡದ ಗುಮಾಸ್ತನಿಗೆ ಮಾತ್ರ ಕಳಂಕ ಉಳಿಯುತ್ತದೆ.

ಖಜಾನೆ ನಮ್ಮ ಊರಲ್ಲೂ ಇದೆ

ಇದು ಬೆಂಗಳೂರಿನ ಕಥೆ ಅಂತ ತಾಲ್ಲೂಕಿನವರು ಕೈತೊಳೆದುಕೊಳ್ಳುವ ಹಾಗಿಲ್ಲ. ಪಿಂಚಣಿ, ಬಿಲ್ಲು, ಚಲನ್ ಅಂತ ಜನ ಓಡಾಡುವ ಅದೇ ಖಜಾನೆ ಕಚೇರಿಯ ಭದ್ರತಾ ಕೊಠಡಿಯಲ್ಲೇ ಮಕ್ಕಳ ಪ್ರಶ್ನೆಪತ್ರಿಕೆಯೂ ಇರುತ್ತದೆ. ಪರೀಕ್ಷೆ ದಿನ ಬೆಳಗ್ಗೆ ಬಂಡಲ್ ಹೊರಗೆ ತೆಗೆದು, ಮಾರ್ಗಾಧಿಕಾರಿಗಳ ವಾಹನದಲ್ಲಿ ಕೇಂದ್ರಗಳಿಗೆ ಕಳಿಸುತ್ತಾರೆ. ಕೇಂದ್ರದಲ್ಲಿ ಮುಖ್ಯ ಅಧೀಕ್ಷಕರು ಅದನ್ನು ಪಡೆಯುತ್ತಾರೆ. ಅಲ್ಲಿಂದ ಕೊಠಡಿ ಮೇಲ್ವಿಚಾರಕರ ಕೈಗೆ. ಕಂದಾಯ, ಶಿಕ್ಷಣ, ಖಜಾನೆ, ಪೊಲೀಸ್ ಹೀಗೆ ನಾಲ್ಕು ಇಲಾಖೆ ಈ ದಾರಿಯಲ್ಲಿ ಕೈ ಹಾಕುತ್ತವೆ.

ನಾಲ್ಕು ಇಲಾಖೆ ಇದ್ದರೆ ಭದ್ರತೆ ನಾಲ್ಕು ಪಟ್ಟು ಹೆಚ್ಚಾಗಬೇಕು. ಆದರೆ ಏನಾದರೂ ಎಡವಟ್ಟಾದಾಗ ನಾಲ್ಕೂ ಇಲಾಖೆ ಒಬ್ಬರ ಮೇಲೊಬ್ಬರು ಹಾಕೋದಕ್ಕೂ ಇದೇ ದಾರಿ ಅನುಕೂಲ. ನಮ್ಮ ಕೈಗೆ ಬಂದಾಗ ಸೀಲ್ ಸರಿಯಾಗೇ ಇತ್ತು ಅಂತ ಎಲ್ಲರೂ ಹೇಳುತ್ತಾರೆ. ಯಾವ ಬಂಡಲ್ ಎಷ್ಟು ಗಂಟೆಗೆ ಯಾರ ಕೈಗೆ ಹೋಯ್ತು, ಯಾರು ಸಹಿ ಹಾಕಿದರು ಅನ್ನೋ ದಾಖಲೆ ಗಟ್ಟಿಯಾಗಿದ್ದರೆ ಮಾತ್ರ ಈ ಮಾತಿನ ಸತ್ಯ ಪರೀಕ್ಷೆ ಮಾಡಬಹುದು.

2016ರ ಪಾಠದಿಂದ ಸರ್ಕಾರ ಏನೂ ಕಲಿಯಲಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಪ್ರಶ್ನೆಪತ್ರಿಕೆ ಇಡುವ ಜಾಗಗಳಿಗೆ ಸಿಸಿಟಿವಿ ಬಂತು. ಸಾಗಾಟಕ್ಕೆ ಬಿಗಿ ನಿಯಮ ಬಂತು. ಶಿಕ್ಷಣ ಕಾಯ್ದೆಗೆ ತಿದ್ದುಪಡಿ ಆಗಿ ಸೋರಿಕೆ ಮಾಡುವವರಿಗೆ ಶಿಕ್ಷೆ ಹೆಚ್ಚಾಯಿತು. ಅಷ್ಟು ದೊಡ್ಡ ಸೋರಿಕೆ ಪಿಯುಸಿಯಲ್ಲಿ ಆಮೇಲೆ ಆಗಿಲ್ಲ. ತೂತು ಎಲ್ಲಿತ್ತು ಅಂತ ತನಿಖೆ ತೋರಿಸಿಕೊಟ್ಟ ಮೇಲೆ ರಿಪೇರಿ ಆಯಿತು. ಆ 40 ಅಮಾನತುಗಳಿಂದ ಆಗದ ಕೆಲಸ ಇದು.

ಪತ್ರಿಕೆ ಸೋರದಿದ್ದರೂ ಕಾಪಿ ನಿಲ್ಲಲಿಲ್ಲ

ಖಜಾನೆ ಬಾಗಿಲು ಭದ್ರವಾದ ಮೇಲೆ ಸಮಸ್ಯೆ ಪರೀಕ್ಷಾ ಕೊಠಡಿಯೊಳಗೇ ಕಾಣಿಸಿಕೊಂಡಿತು. ಎಸ್ಸೆಸ್ಸೆಲ್ಸಿಯಲ್ಲಿ ಸಾಮೂಹಿಕ ನಕಲಿನ ದೂರು ವರ್ಷ ವರ್ಷ ಬರುತ್ತಲೇ ಇತ್ತು. 2023ರ ಏಪ್ರಿಲ್‌ನಲ್ಲಿ ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಗೊಬ್ಬೂರ (ಬಿ) ಪರೀಕ್ಷಾ ಕೇಂದ್ರದಲ್ಲಿ ನಕಲಿಗೆ ನೆರವಾದ ಆರೋಪದಲ್ಲಿ 16 ಶಿಕ್ಷಕರು ಒಟ್ಟಿಗೆ ಅಮಾನತಾದರು. ಒಂದೇ ಕೇಂದ್ರ, 16 ಶಿಕ್ಷಕರು. ರಾಜ್ಯವಿಡೀ ಸುದ್ದಿಯಾಯಿತು.

ಒಂದು ಕೇಂದ್ರದಲ್ಲಿ 16 ಶಿಕ್ಷಕರ ಮೇಲೆ ಒಟ್ಟಿಗೆ ಆರೋಪ ಬಂದರೆ ಅದನ್ನು ಒಬ್ಬಿಬ್ಬರ ದುರಾಸೆ ಅಂತ ಬಿಡೋಕಾಗುತ್ತಾ? ಫಲಿತಾಂಶ ತರಲೇಬೇಕು ಅನ್ನೋ ಒತ್ತಡ ಎಲ್ಲಿಂದ ಬಂತು, ಯಾರು ಹೇಳಿದರು, ಕಂಡೂ ಯಾರು ಕಣ್ಣುಮುಚ್ಚಿಕೊಂಡರು ಅಂತ ಕೇಳಬೇಕಾದ ಜಾಗ ಅದು. ಆದರೆ ಇಂಥ ಪ್ರಕರಣಗಳಲ್ಲಿ ವಿಚಾರಣೆ ಸಾಮಾನ್ಯವಾಗಿ ಕೊಠಡಿ ಮೇಲ್ವಿಚಾರಕನಿಂದ ಶುರುವಾಗಿ ಮುಖ್ಯ ಅಧೀಕ್ಷಕರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ಮೇಲೆ ಹತ್ತೋದು ಅಪರೂಪ.

ಕ್ಯಾಮೆರಾ ಬಂದ ವರ್ಷ ಬಯಲಾದ ಲೆಕ್ಕ

2024ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಎಸ್ಸೆಸ್ಸೆಲ್ಸಿಗೆ ವೆಬ್‌ಕಾಸ್ಟಿಂಗ್ ತಂತು. ಕೊಠಡಿಯಲ್ಲಿ ಕ್ಯಾಮೆರಾ, ಜಿಲ್ಲಾ ಕೇಂದ್ರದಲ್ಲಿ ಕುಳಿತು ನೇರವಾಗಿ ನೋಡುವ ವ್ಯವಸ್ಥೆ. ಆಮೇಲೆ ಬಂದ ಅಂಕಿಗಳು ಯಾವ ತನಿಖಾ ವರದಿಗೂ ಕಡಿಮೆ ಇರಲಿಲ್ಲ.

2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿ, ಕೃಪಾಂಕ ಪಡೆಯಲು ಬೇಕಿದ್ದ ಕನಿಷ್ಠ ಅಂಕವನ್ನು ಶೇ 35ರಿಂದ ಶೇ 25ಕ್ಕೆ ಇಳಿಸಿದ ಮೇಲೆ. 2023ರಲ್ಲಿ ಶೇ 96.80 ಪಡೆದು ರಾಜ್ಯಕ್ಕೇ ಮೊದಲಿದ್ದ ಚಿತ್ರದುರ್ಗ ಜಿಲ್ಲೆ 2024ರಲ್ಲಿ ಶೇ 72.85ಕ್ಕೆ ಬಂದು 21ನೇ ಸ್ಥಾನಕ್ಕೆ ಜಾರಿತು. ಅದೇ ವರ್ಷ ಉಡುಪಿ ಶೇ 94ರೊಂದಿಗೆ ಮೊದಲ ಸ್ಥಾನಕ್ಕೆ ಬಂತು. ಕೊನೆಯ ಸ್ಥಾನದಲ್ಲಿದ್ದ ಯಾದಗಿರಿಯಲ್ಲಿ ಪಾಸಾದವರು ಶೇ 50.59 ಮಾತ್ರ.

ಕೃಪಾಂಕದ ವಿಚಾರ ದೊಡ್ಡ ಚರ್ಚೆಯಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೇ ಅಸಮಾಧಾನ ತೋರಿಸಿದರು. ಮುಂದಿನ ವರ್ಷ ಕೃಪಾಂಕ ಇಲ್ಲ ಅಂತ ತೀರ್ಮಾನವಾಯಿತು. 2025ರ ಮೊದಲ ಪರೀಕ್ಷೆಯಲ್ಲಿ ಫಲಿತಾಂಶ ಶೇ 66.14ಕ್ಕೆ ಬಂದು ನಿಂತಿತು.

ಕುಸಿತಕ್ಕೆಲ್ಲ ಕಾಪಿ ನಿಂತಿದ್ದೇ ಕಾರಣ ಅನ್ನೋದು ಸರಿಯಲ್ಲ. 2024ರಲ್ಲಿ ಹತ್ತನೇ ತರಗತಿ ಬರೆದ ಮಕ್ಕಳು ಕೋವಿಡ್ ಕಾಲದಲ್ಲಿ ಏಳನೇ ತರಗತಿಯಲ್ಲಿದ್ದವರು. ಶಾಲೆಯ ಬಾಗಿಲೇ ತೆರೆಯದ ತಿಂಗಳುಗಳಲ್ಲಿ ಗಣಿತ, ವಿಜ್ಞಾನದ ಬುನಾದಿ ಕೈತಪ್ಪಿತು. ಶಿಕ್ಷಕರ ಕೊರತೆಯೂ ಇದೆ. ಆದರೆ ಒಂದು ಜಿಲ್ಲೆಯ ಫಲಿತಾಂಶ ಒಂದೇ ವರ್ಷದಲ್ಲಿ ಸುಮಾರು 24 ಅಂಶ ಬಿದ್ದರೆ, ಕ್ಯಾಮೆರಾ ಬಂದ ವರ್ಷವೇ ಬಿದ್ದರೆ, ಹಿಂದಿನ ವರ್ಷದ ಅಂಕಿಯ ಬಗ್ಗೆ ಅನುಮಾನ ಬರೋದು ಸಹಜ.

ಇಲ್ಲೇ ಅಧಿಕಾರಿಗಳ ನಡೆ ನೋಡಬೇಕು. ಫಲಿತಾಂಶ ಬಿದ್ದ ಮೇಲೆ ಕಡಿಮೆ ಬಂದ ಶಾಲೆಗಳಿಗೆ, ಅಧಿಕಾರಿಗಳಿಗೆ ನೋಟಿಸ್ ಹೋಯಿತು. ಯಾಕೆ ಕಡಿಮೆ ಬಂತು ಅಂತ ಕಾರಣ ಕೇಳಿದರು. ಹಿಂದಿನ ವರ್ಷ ಅಷ್ಟು ಜಾಸ್ತಿ ಹೇಗೆ ಬಂತು ಅನ್ನೋ ಪ್ರಶ್ನೆಗೆ ಆ ಜೋರು ಇರಲಿಲ್ಲ. ಅಂದರೆ ಕ್ಯಾಮೆರಾ ಮುಂದೆ ಪ್ರಾಮಾಣಿಕವಾಗಿ ಪರೀಕ್ಷೆ ನಡೆಸಿ ಶೇ 55 ತಂದ ಮುಖ್ಯ ಶಿಕ್ಷಕರಿಗೆ ನೋಟಿಸ್. ಕ್ಯಾಮೆರಾ ಇಲ್ಲದ ಕಾಲದಲ್ಲಿ ಹೇಗೋ ನೂರಕ್ಕೆ ನೂರು ತಂದವರಿಗೆ ಶಾಲು, ಹಾರ. ಇದನ್ನು ನೋಡಿದ ಶಿಕ್ಷಕರು ಏನು ಕಲಿಯುತ್ತಾರೆ? ಮುಂದಿನ ಸಲ ಕ್ಯಾಮೆರಾ ಕಣ್ಣು ತಪ್ಪಿಸೋದು ಹೇಗೆ ಅಂತ ಯೋಚಿಸುವ ಒತ್ತಡ ಅವರ ಮೇಲೆ ತಾನಾಗೇ ಬೀಳುತ್ತದೆ.

ಅಮಾನತು ಅಂದರೆ ಶಿಕ್ಷೆಯಲ್ಲ

ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅಮಾನತು ಆಯ್ತು ಅಂದರೆ ಶಿಕ್ಷೆ ಆಯ್ತು ಅಂತ. ಸರ್ಕಾರಿ ಸೇವಾ ನಿಯಮದಲ್ಲಿ ಅಮಾನತು ದಂಡನೆಯೇ ಅಲ್ಲ. ವಿಚಾರಣೆಗೆ ಅಡ್ಡಿಯಾಗಬಾರದು ಅಂತ ನೌಕರನನ್ನು ಕೆಲಸದಿಂದ ದೂರ ಇಡುವ ಕ್ರಮ ಅಷ್ಟೇ. ಆ ಅವಧಿಯಲ್ಲಿ ಜೀವನಾಧಾರ ಭತ್ಯೆ ಸಿಗುತ್ತದೆ. ನಿಜವಾದ ಕೆಲಸ ಶುರುವಾಗೋದು ಆಮೇಲೆ. ದೋಷಾರೋಪ ಪಟ್ಟಿ ಕೊಡಬೇಕು, ಉತ್ತರ ಪಡೆಯಬೇಕು, ವಿಚಾರಣಾಧಿಕಾರಿ ನೇಮಕ ಆಗಬೇಕು, ಸಾಕ್ಷಿ ದಾಖಲಾಗಬೇಕು, ವರದಿ ಬರಬೇಕು, ಅದರ ಮೇಲೆ ಆದೇಶ ಆಗಬೇಕು.

ಇದೆಲ್ಲ ಮುಗಿಯೋಕೆ ವರ್ಷಗಳು ಹಿಡಿಯೋದುಂಟು. ಅಷ್ಟರಲ್ಲಿ ‘ಇಲಾಖಾ ವಿಚಾರಣೆ ಕಾಯ್ದಿರಿಸಿ’ ಅನ್ನೋ ಒಂದು ಸಾಲಿನೊಂದಿಗೆ ಅಮಾನತು ತೆರವಾಗಬಹುದು, ನೌಕರರು ಕೆಲಸಕ್ಕೆ ಮರಳಬಹುದು. ಅದು ಕಾನೂನಿನ ಪ್ರಕಾರ ತಪ್ಪೂ ಅಲ್ಲ. ತಪ್ಪಿಲ್ಲದವರು ವರ್ಷಗಟ್ಟಲೆ ಮನೆಯಲ್ಲಿ ಕೂರಬಾರದು. ತೊಂದರೆ ಇರೋದು ಬೇರೆ ಕಡೆ. ಅಮಾನತು ಆದಾಗ ಪತ್ರಿಕಾ ಪ್ರಕಟಣೆ ಬರುತ್ತದೆ. ತೆರವಾದಾಗ ಬರಲ್ಲ. ವಿಚಾರಣೆ ಮುಗಿದಾಗಲೂ ಬರಲ್ಲ.

ಇದರಿಂದ ಇಬ್ಬರಿಗೆ ಅನ್ಯಾಯ. ತಪ್ಪು ಮಾಡದ ಶಿಕ್ಷಕರನ್ನು ಊರವರು ಕೊನೆಯವರೆಗೂ ಕಾಪಿ ಹೊಡೆಸಿದ ಮೇಷ್ಟ್ರು ಅಂತಲೇ ಕರೆಯುತ್ತಾರೆ, ಅವರು ನಿರ್ದೋಷಿ ಅಂತ ಹೇಳೋರು ಯಾರೂ ಇಲ್ಲ. ಇನ್ನೊಂದು ಕಡೆ, ತಪ್ಪು ಸಾಬೀತಾದವರು ಒಂದೆರಡು ಬಡ್ತಿ ತಪ್ಪಿಸಿಕೊಂಡು ಪಕ್ಕದ ತಾಲ್ಲೂಕಿಗೆ ವರ್ಗವಾಗಿ ಹೋದರೆ ಅಲ್ಲಿನ ಪೋಷಕರಿಗೆ ಏನೂ ಗೊತ್ತಾಗುವುದಿಲ್ಲ.

ಬೆಲೆ ತೆರುವವರು ಯಾರು?

ಪರೀಕ್ಷೆ ಕಾಪಿಯಲ್ಲಿ ನಷ್ಟ ಯಾರಿಗೂ ಇಲ್ಲ, ಪಾಪ ಮಕ್ಕಳು ಪಾಸಾಗಲಿ ಬಿಡಿ ಅನ್ನೋ ಮಾತು ಊರಲ್ಲಿ ಕೇಳಿಬರುತ್ತದೆ. ಆದರೆ ಲೆಕ್ಕ ಹಾಕಿ ನೋಡಿದರೆ ನಷ್ಟ ಊರಿಗೇ. ಅಂಗಡಿಗೆ ಲೆಕ್ಕ ಬರೆಯೋಕೆ ಹುಡುಗ ಬೇಕು ಅಂತ ಬೋರ್ಡ್ ಹಾಕಿದ ವ್ಯಾಪಾರಿಗೆ ಅಂಕಪಟ್ಟಿ ನೋಡಿ ನಂಬಿಕೆ ಬರಬೇಕು. ಹತ್ತನೇ ತರಗತಿಯಲ್ಲಿ ಗಣಿತಕ್ಕೆ 80 ತೆಗೆದ ಹುಡುಗನಿಗೆ ಶೇಕಡಾವಾರು ಡಿಸ್ಕೌಂಟ್ ಲೆಕ್ಕ ಬಾರದಿದ್ದರೆ, ಮುಂದಿನ ಸಲ ಆ ವ್ಯಾಪಾರಿ ಆ ಊರಿನ ಯಾವ ಅಂಕಪಟ್ಟಿಯನ್ನೂ ನಂಬಲ್ಲ. ನಿಜವಾಗಿ ರಾತ್ರಿ ಕೂತು ಓದಿ 80 ತೆಗೆದ ಹುಡುಗಿಗೂ ಅದೇ ಗತಿ. ಕಾಪಿಯ ದೊಡ್ಡ ಪೆಟ್ಟು ಬೀಳೋದು ಓದಿದ ಮಕ್ಕಳಿಗೆ.

2016ರಲ್ಲಿ 1.74 ಲಕ್ಷ ಮಕ್ಕಳು ಮೂರನೇ ಸಲ ಓದಿದ್ದು ಯಾರದೋ ತಪ್ಪಿಗೆ. ಅವರಲ್ಲಿ ಬಹುಪಾಲು ಮಕ್ಕಳು ಆ ಪ್ರಶ್ನೆಪತ್ರಿಕೆಯನ್ನು ಕಣ್ಣಲ್ಲಿ ಕಂಡವರೇ ಅಲ್ಲ.

ಊರಿನವರು ಕೇಳಬೇಕಾದ ನಾಲ್ಕು ಪ್ರಶ್ನೆ

ಮುಂದೆ ಯಾವುದೇ ಕೇಂದ್ರದಲ್ಲಿ ಅಕ್ರಮದ ಸುದ್ದಿ ಬಂದರೆ, ಎಷ್ಟು ಜನ ಅಮಾನತು ಆದರು ಅನ್ನೋ ಸಂಖ್ಯೆ ಕೇಳಿ ಸುಮ್ಮನಾಗದೆ ಜನ ಈ ನಾಲ್ಕು ಪ್ರಶ್ನೆ ಕೇಳಬಹುದು.

ಒಂದು, ಅಕ್ರಮ ಯಾವ ಹಂತದಲ್ಲಿ ಆಯಿತು? ಖಜಾನೆಯಲ್ಲೋ, ದಾರಿಯಲ್ಲೋ, ಕೇಂದ್ರದ ಕಚೇರಿಯಲ್ಲೋ, ಕೊಠಡಿಯಲ್ಲೋ? ಇದು ಗೊತ್ತಾಗದೆ ಮರುಪರೀಕ್ಷೆ ನಡೆಸಿದರೆ 2016ರ ಮಾರ್ಚ್ 31 ಮತ್ತೆ ಬರುತ್ತದೆ.

ಎರಡು, ಸಿಸಿಟಿವಿ ದೃಶ್ಯ ಎಷ್ಟು ದಿನ ಉಳಿಸಿಟ್ಟಿದ್ದಾರೆ, ಅದನ್ನು ನೋಡಿದವರು ಯಾರು? ಕ್ಯಾಮೆರಾ ಇದ್ದು ನೋಡುವವರು ಇಲ್ಲದಿದ್ದರೆ ಅದು ಗೋಡೆಯ ಮೇಲಿನ ಹಲ್ಲಿ ಇದ್ದ ಹಾಗೆ.

ಮೂರು, ವಿಚಾರಣಾಧಿಕಾರಿ ಯಾರು? ಯಾವ ಕೇಂದ್ರದ ಮೇಲ್ವಿಚಾರಣೆ ಯಾರ ಹೊಣೆಯಾಗಿತ್ತೋ ಅವರೇ ವಿಚಾರಣೆ ನಡೆಸಿದರೆ, ತಮ್ಮ ಲೋಪವನ್ನು ತಾವೇ ಬರೆದುಕೊಳ್ಳುತ್ತಾರಾ? ಕನಿಷ್ಠ ಬೇರೆ ತಾಲ್ಲೂಕಿನ ಅಧಿಕಾರಿಯಾದರೂ ಆಗಿರಬೇಕು.

ನಾಲ್ಕು, ವರದಿ ಬಂದ ಮೇಲೆ ಏನಾಯ್ತು? ಇದನ್ನು ತಿಳಿಯಲು ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕದ ಜೊತೆ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ತನಿಖೆಗೆ ಅಡ್ಡಿಯಾಗುವ ಮಾಹಿತಿಯನ್ನು ತಡೆಹಿಡಿಯಲು ಅವಕಾಶ ಇದೆ. ಆದರೆ ವಿಚಾರಣೆ ಮುಗಿದ ಮೇಲೆ ಆ ನೆಪ ನಿಲ್ಲುವುದಿಲ್ಲ. ವೈಯಕ್ತಿಕ ವಿವರ ಬೇಡ, ಎಷ್ಟು ಜನರ ಮೇಲೆ ಆರೋಪ ಇತ್ತು, ಎಷ್ಟು ಸಾಬೀತಾಯ್ತು, ಯಾವ ದಿನ ವಿಚಾರಣೆ ಮುಗಿಯಿತು ಅಂತ ಕೇಳಿದರೂ ಸಾಕು. ಎಸ್‌ಡಿಎಂಸಿ ಸದಸ್ಯರು, ಪೋಷಕರು, ವರ್ತಕರ ಸಂಘದವರು ಯಾರು ಬೇಕಾದರೂ ಈ ಅರ್ಜಿ ಹಾಕಬಹುದು.

ಶಿಕ್ಷಣ ಇಲಾಖೆಗೂ ಇದರಿಂದ ಲಾಭವೇ. ಪರೀಕ್ಷೆ ಮುಗಿದು ಆರು ತಿಂಗಳ ಒಳಗೆ, ತಾಲ್ಲೂಕಿನಲ್ಲಿ ಬಂದ ದೂರು ಇಷ್ಟು, ವಿಚಾರಣೆ ಮುಗಿದದ್ದು ಇಷ್ಟು, ಬಾಕಿ ಇಷ್ಟು ಅಂತ ಬಿಇಒ ಕಚೇರಿಯ ಫಲಕದಲ್ಲಿ ಒಂದು ಹಾಳೆ ಅಂಟಿಸಿದರೆ ಖರ್ಚು ಏನೂ ಇಲ್ಲ. ತಪ್ಪಿಲ್ಲದ ಶಿಕ್ಷಕರ ಹೆಸರು ಉಳಿಯುತ್ತದೆ. ಪ್ರಾಮಾಣಿಕವಾಗಿ ಕಡಿಮೆ ಫಲಿತಾಂಶ ತಂದ ಶಾಲೆಗೆ ಮರ್ಯಾದೆ ಸಿಗುತ್ತದೆ.

ಪರೀಕ್ಷೆ ಬಂದಾಗ ಝೆರಾಕ್ಸ್ ಅಂಗಡಿಯವರು ಮತ್ತೆ ಶಟರ್ ಎಳೆಯುತ್ತಾರೆ. ಆದೇಶ ಪಾಲಿಸಿದರೋ ಇಲ್ಲವೋ ಅಂತ ನೋಡೋಕೆ ಪೊಲೀಸರು ಬರುತ್ತಾರೆ. ಆದೇಶ ಹೊರಡಿಸಿದ ಕಚೇರಿಗಳು ಕಳೆದ ವರ್ಷದ ವಿಚಾರಣೆ ಮುಗಿಸಿದವೋ ಇಲ್ಲವೋ ಅಂತ ನೋಡಬೇಕಾದವರು ಊರಿನವರೇ.